ಹಿಟ್ಟಿನ ಕೋಳಿಯ ಕೂಗು

ಪ್ರಾಣಿಹಿಂಸೆಯೂ ನರಹಿಂಸೆಯೂ ಒಂದೇ ಮರದ ಎರಡು ಕೊಂಬೆಗಳೆಂಬ ಮಾತು ಸಭೆಗಳಲ್ಲಿ ಸುಲಭವಾಗಿ ಚಪ್ಪಾಳೆ ಗಿಟ್ಟಿಸುತ್ತದೆ. ಒಂದು ಕಡೆ ಕಸಾಯಿಖಾನೆಯನ್ನೂ ಇನ್ನೊಂದು ಕಡೆ ರಣರಂಗವನ್ನೂ ಇಟ್ಟು, ನೋಡಿರಿ, ಎರಡೂ ಒಂದೇ ಎಂದುಬಿಟ್ಟರೆ ಕೇಳುವವರು ತಲೆದೂಗುತ್ತಾರೆ. ಮನೆಗೆ ಬಂದು ಕೈಕಾಲು ತೊಳೆದು ಕುಳಿತ ಮೇಲೆ ಸಂದೇಹಗಳು ಒಂದೊಂದಾಗಿ ಏಳುತ್ತವೆ. ಕುರಿ ಕಡಿಯುವವರೆಲ್ಲ ಮನುಷ್ಯರನ್ನು ಕಡಿಯುತ್ತಾರೆಯೆ? ಸೊಪ್ಪು ತಿನ್ನುವವರೆಲ್ಲ ಸಾಧುಗಳೆ? ಹಾಗಲ್ಲವೆಂದು ನಮಗೆಲ್ಲ ಗೊತ್ತು. ಆದರೂ ಆ ಎರಡು ಹಿಂಸೆಗಳಿಗೂ ಯಾವ ಸಂಬಂಧವೂ ಇಲ್ಲವೆಂದು ಎದೆ ಮುಟ್ಟಿ ಹೇಳುವ ಧೈರ್ಯವೂ ನಮಗಿಲ್ಲ. ಸಂಬಂಧ ಇರುವುದಾದರೆ ಅದು ಯಾವ ಬಗೆಯದು ಎಂಬುದೇ ಪ್ರಶ್ನೆ.

ಈ ಪ್ರಶ್ನೆಯನ್ನು ಎಂಟು ನೂರು ವರ್ಷಗಳ ಹಿಂದೆಯೇ ಕನ್ನಡದ ಕವಿಯೊಬ್ಬ ಎತ್ತಿಕೊಂಡಿದ್ದಾನೆ. ಜನ್ನನ ‘ಯಶೋಧರ ಚರಿತೆ’ 1209ರಲ್ಲಿ ಮುಗಿದ ಕಾವ್ಯ. ನಾಲ್ಕು ಅವತಾರಗಳು, ಮುನ್ನೂರಕ್ಕಿಷ್ಟು ಮೇಲ್ಪಟ್ಟ ಕಂದಪದ್ಯಗಳು. ಒಂದು ಸಂಜೆಗೆ ಓದಿ ಮುಗಿಸಬಹುದಾದಷ್ಟು ಚಿಕ್ಕದು. ನಮ್ಮಲ್ಲಿ ಅದರ ಖ್ಯಾತಿಯೆಲ್ಲ ಅಮೃತಮತಿಯ ಪ್ರಸಂಗದ ಮೇಲೆ ನಿಂತಿದೆ. ಅರಸನ ಮಗ್ಗುಲಿನಿಂದ ಎದ್ದು ಕುರೂಪಿಯಾದ ಮಾವುತ ಅಷ್ಟಾವಂಕನ ಬಳಿಗೆ ಹೋಗುವ ಆ ರಾಣಿಯ ಮನಸ್ಸನ್ನು ಕುರಿತು ನಮ್ಮ ವಿಮರ್ಶಕರು ಬೇಕಾದಷ್ಟು ಬರೆದಿದ್ದಾರೆ. ಪಠ್ಯಪುಸ್ತಕಗಳಿಗೆ ಆರಿಸಿಕೊಳ್ಳುವುದೂ ಹೆಚ್ಚಾಗಿ ಆ ಭಾಗವನ್ನೇ. ಹೀಗಾಗಿ ಆ ಕಥೆಗೆ ಜನ್ನ ಕಟ್ಟಿದ ಚೌಕಟ್ಟು, ಎಂದರೆ ಮಾರಿದತ್ತನ ಬಲಿಪೀಠ, ಓದುಗರ ಕಣ್ಣಿಗೆ ಬೀಳುವುದೇ ಕಡಿಮೆ. ನನ್ನ ದೃಷ್ಟಿಯಲ್ಲಿ ಕಾವ್ಯದ ಜೀವ ಇರುವುದು ಆ ಚೌಕಟ್ಟಿನಲ್ಲಿ.

ರಾಜಪುರದ ಅರಸು ಮಾರಿದತ್ತ ಚಂಡಮಾರಿಗೆ ಜಾತ್ರೆ ಮಾಡಿಸುತ್ತಾನೆ. ಬಲಿಗೆಂದು ನಾನಾ ಪ್ರಾಣಿಗಳು ಜೋಡಿಜೋಡಿಯಾಗಿ ಬಂದು ಸೇರುತ್ತವೆ. ಆ ಜೋಡಿಗಳ ಜೊತೆಗೆ ಒಂದು ಮನುಷ್ಯ ಜೋಡಿಯೂ ಬೇಕು. ತಳವಾರ ಚಂಡಕರ್ಮ ಹೊರಟು, ಭಿಕ್ಷೆಗೆಂದು ಬಂದ ಇಬ್ಬರು ಎಳೆಯರನ್ನು, ಅಭಯರುಚಿ ಮತ್ತು ಅಭಯಮತಿ ಎಂಬ ಅಣ್ಣತಂಗಿಯರನ್ನು, ಹಿಡಿದು ತರುತ್ತಾನೆ. ಇಲ್ಲಿ ಜನ್ನನ ಸೂಕ್ಷ್ಮ ಎಷ್ಟೆಂಬುದನ್ನು ಗಮನಿಸಬೇಕು. ಮಕ್ಕಳನ್ನು ಹಿಡಿದವನಿಗೆ ಅವರ ಮೇಲೆ ದ್ವೇಷವಿಲ್ಲ. ಅರಸನಿಗೂ ಇಲ್ಲ. ಅವರು ಯಾರೆಂಬುದೇ ಇಬ್ಬರಿಗೂ ಗೊತ್ತಿಲ್ಲ. ಒಂದು ಪಟ್ಟಿ ಇದೆ; ಆ ಪಟ್ಟಿಯಲ್ಲಿ ಒಂದು ಜಾಗ ಖಾಲಿ ಇದೆ; ಅದನ್ನು ತುಂಬಬೇಕು. ಕೋಳಿಯಿಂದ ಮೊದಲಾದ ಪಟ್ಟಿ ಮಕ್ಕಳವರೆಗೆ ಬರುವಾಗ ಎಲ್ಲಿಯೂ ಒಂದು ಗೆರೆ ದಾಟಿದಂತೆ ಯಾರಿಗೂ ಅನಿಸುವುದಿಲ್ಲ. ಎರಡು ಹಿಂಸೆಗಳ ನಡುವಣ ಸಂಬಂಧ ಜನ್ನನಿಗೆ ಕಂಡದ್ದು ಇಲ್ಲಿ. ಕೋಳಿಯ ಪ್ರಾಣವೂ ಮಗುವಿನ ಪ್ರಾಣವೂ ಒಂದೇ ತೂಕದವೆಂದು ಸಾಧಿಸಲು ಅವನು ಹೊರಟಿಲ್ಲ. ಪಟ್ಟಿ ಬರೆಯುವ ಕೈಗೆ ಇವು ಬೇರೆ ಬೇರೆಯಾಗಿ ಕಾಣುವುದಿಲ್ಲ ಎಂಬುದಷ್ಟನ್ನೇ ತೋರಿಸುತ್ತಾನೆ.

ಇದು ಕೇವಲ ಪುರಾಣದ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ಜನ್ನನಿಗೆ ಕವಿಚಕ್ರವರ್ತಿ ಎಂಬ ಬಿರುದು ಕೊಟ್ಟವನು ಹೊಯ್ಸಳ ಇಮ್ಮಡಿ ವೀರಬಲ್ಲಾಳ. ಆ ಅರಸನು 1220ರಲ್ಲಿ ತೀರಿಕೊಂಡಾಗ ಅವನ ಗರುಡನಾಗಿದ್ದ ಕುವರಲಕ್ಷ್ಮನು ತನ್ನ ಹೆಂಡತಿಯೊಡನೆಯೂ ಯೋಧರೊಡನೆಯೂ ಪ್ರಾಣ ಕೊಟ್ಟ ಸಂಗತಿಯನ್ನು ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯ ಕಂಬ ಇಂದಿಗೂ ಹೇಳುತ್ತಿದೆ. ತಮ್ಮ ತಲೆಗಳನ್ನು ತಾವೇ ಅರಿದುಕೊಳ್ಳುವ ವೀರರನ್ನು ಅದರಲ್ಲಿ ಕಡೆದಿದ್ದಾರೆ. ಮಂಡ್ಯ ಜಿಲ್ಲೆಯ ಕೃಷ್ಣರಾಜಪೇಟೆ ತಾಲ್ಲೂಕಿನ ಅಗ್ರಹಾರ ಬಾಚಹಳ್ಳಿಯಲ್ಲಿಯೂ ಅಂಥ ಗರುಡಗಂಬಗಳಿವೆ. ಒಡೆಯನಿಗಾಗಿ ಸಾಲಾಗಿ ಸಾಯುವುದನ್ನು ಗೌರವವೆಂದು ಕಲ್ಲಿನಲ್ಲಿ ಕೊರೆಸಿದ ಆಸ್ಥಾನದಲ್ಲಿ ಕುಳಿತು, ಬಲಿಪೀಠದ ಮುಂದೆ ನಿಂತ ಎರಡು ಮಕ್ಕಳ ಕಥೆಯನ್ನು ಜನ್ನ ಬರೆದ. ಅವನ ಓದುಗರಿಗೆ ನರಬಲಿ ಎಂಬುದು ದೂರದ ಮಾತಾಗಿರಲಿಲ್ಲ.

ಇನ್ನು ಕಥೆಯ ಒಳಗಣ ಕಥೆ. ಹೆಂಡತಿಯ ನಡತೆಯನ್ನು ಕಂಡ ಯಶೋಧರ ಅದನ್ನು ತಾಯಿಗೆ ಹೇಳಲಾರದೆ ಕೆಟ್ಟ ಕನಸೆಂದು ಮರೆಮಾಚಿ ಹೇಳುತ್ತಾನೆ. ತಾಯಿ ಚಂದ್ರಮತಿ ಶಾಂತಿಗಾಗಿ ದೇವಿಗೆ ಬಲಿ ಕೊಡಬೇಕೆನ್ನುತ್ತಾಳೆ. ಮಗ ಒಪ್ಪುವುದಿಲ್ಲ. ಕೊನೆಗೆ ತಾಯಿಯ ಮಾತಿಗೂ ಭಂಗ ಬಾರದಂತೆ, ಜೀವಹತ್ಯೆಯೂ ಆಗದಂತೆ, ಹಿಟ್ಟಿನ ಕೋಳಿಯೊಂದನ್ನು ಮಾಡಿ ಕಡಿಯುವುದೆಂದು ತೀರ್ಮಾನವಾಗುತ್ತದೆ. ಕತ್ತಿ ಬಿದ್ದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅದರೊಳಗೆ ಬೆಂತರವೊಂದು ಹೊಕ್ಕಿತ್ತೆಂದು ಕವಿ ಹೇಳುತ್ತಾನಾದರೂ, ಆ ಕೂಗು ಯಶೋಧರನ ಮನಸ್ಸಿನೊಳಗಿಂದ ಬಂದದ್ದೆಂದು ಬಗೆಯುವುದಕ್ಕೆ ಓದುಗನಿಗೆ ಅಡ್ಡಿಯೇನೂ ಇಲ್ಲ. ಕಡಿದದ್ದು ಹಿಟ್ಟನ್ನಾದರೂ ಕಡಿಯುವೆನೆಂಬ ಸಂಕಲ್ಪ ಹಿಟ್ಟಿನದಲ್ಲ. ಆ ಸಂಕಲ್ಪದ ಫಲವಾಗಿ ತಾಯಿಯೂ ಮಗನೂ ನವಿಲು, ನಾಯಿ, ಮೀನು, ಮೊಸಳೆ, ಆಡು, ಕೋಣ, ಕೋಳಿ ಮೊದಲಾಗಿ ಹುಟ್ಟಿ ಹುಟ್ಟಿ ಕೊಲೆಗೀಡಾಗುತ್ತಾರೆ.

ಒಂದು ಹಿಟ್ಟಿನ ಗೊಂಬೆಗಾಗಿ ಇಷ್ಟು ದಂಡನೆಯೆ ಎಂದು ಕೇಳುವವರುಂಟು. ನ್ಯಾಯಾಲಯದ ಲೆಕ್ಕದಲ್ಲಿ ಈ ಶಿಕ್ಷೆ ಹೆಚ್ಚೇ ಸರಿ. ಆದರೆ ಆ ಜನ್ಮಗಳ ಸರಣಿಯಲ್ಲಿ ಜನ್ನ ತೋರಿಸಹೊರಟದ್ದು ಶಿಕ್ಷೆಯ ಪ್ರಮಾಣವನ್ನಲ್ಲವೆಂದು ನನಗೆ ತೋರುತ್ತದೆ. ಯಶೋಧರನ ಮಗ ಯಶೋಮತಿ ಸತ್ತ ತಂದೆಗೆ ಭಕ್ತಿಯಿಂದ ಶ್ರಾದ್ಧ ಮಾಡುತ್ತಾನೆ. ಪ್ರಾಣಿಯಾಗಿ ಹುಟ್ಟಿಬಂದ ತಂದೆಯ ಮಾಂಸವೇ ಆ ಶ್ರಾದ್ಧದ ಅಡುಗೆಯಾಗುತ್ತದೆ. ಮಗನಿಗೆ ಪಿತೃಭಕ್ತಿಯ ಕೊರತೆಯಿಲ್ಲ; ಇದಿರಿಗಿರುವುದು ಯಾರೆಂದು ತಿಳಿಯುವ ಕಣ್ಣಿಲ್ಲ. ಪುನರ್ಜನ್ಮವನ್ನು ನಂಬದ ಓದುಗನನ್ನೂ ಈ ಚಿತ್ರ ಹಿಡಿದು ನಿಲ್ಲಿಸುತ್ತದೆ. ನಾವು ಕೊಲ್ಲುವುದು ಏನನ್ನು ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ. ಯಾರನ್ನು ಎಂದು ಕೇಳಿದರೆ ಮಾತ್ರ ಬಾಯಿ ಕಟ್ಟುತ್ತದೆ.

ಮಳವಳ್ಳಿಯ ಕಡೆಯ ನೆಲವನ್ನು ಬಲ್ಲ ನನಗೆ ಈ ಕಾವ್ಯವನ್ನು ಆ ಊರಿನ ಜೊತೆಗಿಟ್ಟು ಓದುವುದು ಅಭ್ಯಾಸವಾಗಿಬಿಟ್ಟಿದೆ. ಊರಿನ ದೇವತೆಯ ಹೆಸರು ದಂಡಿನ ಮಾರಮ್ಮ. ದಂಡು ಎಂದರೆ ಸೈನ್ಯ. ಅವಳ ಮತ್ತು ಪಟ್ಟಲದಮ್ಮನ ಸಿಡಿ ಹಬ್ಬ ಸುತ್ತಣ ಸೀಮೆಗೆಲ್ಲ ಹೆಸರಾದದ್ದು. ಸಿಡಿ ಎಂಬ ಆಚಾರದ ಹಿಂದಿನ ರೂಪವನ್ನು ವಾಚಕರು ಬಲ್ಲರು: ಹರಕೆ ಹೊತ್ತವನ ಬೆನ್ನಿನ ಚರ್ಮಕ್ಕೆ ಕಬ್ಬಿಣದ ಕೊಕ್ಕೆ ಚುಚ್ಚಿ, ಉದ್ದನೆಯ ಮರದ ತುದಿಗೆ ತೂಗುಬಿಟ್ಟು ತಿರುಗಿಸುವುದು. ನಾಡಿನ ಹಲವು ಕಡೆ ಕೊಕ್ಕೆ ಹೋಗಿ ಬಟ್ಟೆಯ ಕಟ್ಟು ಬಂದಿದೆ. ಕೆಲವೆಡೆ ಮನುಷ್ಯನ ಜಾಗಕ್ಕೆ ಗೊಂಬೆ ಬಂದಿದೆ. ಹಿಟ್ಟಿನ ಕೋಳಿಯಂತೆಯೇ ಇದೂ ಒಂದು ರಾಜಿ. ಜನ್ನನಿಗೆ ಇಂಥ ರಾಜಿಯಲ್ಲಿ ನಂಬಿಕೆಯಿಲ್ಲ. ನನಗೆ ಈ ವಿಷಯದಲ್ಲಿ ಅವನಷ್ಟು ಕಠಿಣನಾಗುವ ಮನಸ್ಸಿಲ್ಲ. ಕೊಕ್ಕೆಯಿಂದ ಬಟ್ಟೆಗೆ ಬಂದದ್ದು ಬೆನ್ನಿರುವ ಮನುಷ್ಯನಿಗೆ ಚಿಕ್ಕ ಲಾಭವೇನಲ್ಲ. ಆಚಾರಗಳು ಮೃದುವಾಗುವುದು ಹೀಗೆಯೇ, ಒಂದೊಂದು ಹೆಜ್ಜೆಯಾಗಿ.

ಆದರೆ ಮಳವಳ್ಳಿ ನಿಜವಾದ ದಂಡನ್ನೂ ಕಂಡ ಊರು. 1799ರ ಮಾರ್ಚ್ 27ರಂದು ಜನರಲ್ ಹ್ಯಾರಿಸನ ಸೈನ್ಯಕ್ಕೂ ಟಿಪ್ಪು ಸುಲ್ತಾನನ ಸೈನ್ಯಕ್ಕೂ ಕದನ ನಡೆದದ್ದು ಇಲ್ಲಿಯೇ. ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಯುದ್ಧದ ಚರಿತ್ರೆ ಬರೆದವರು ಸತ್ತ ಸಿಪಾಯಿಗಳ ಲೆಕ್ಕವನ್ನು ಹೇಗಾದರೂ ಕೊಡುತ್ತಾರೆ. ಹ್ಯಾರಿಸನ ದಂಡಿನ ಹಿಂದೆ ಭಾರ ಎಳೆಯುತ್ತ ಬಂದ ಎತ್ತುಗಳ ಸಂಖ್ಯೆ ಲಕ್ಷಕ್ಕೂ ಮೀರಿತ್ತು. ಅದಕ್ಕೆ ಎಂಟು ವರ್ಷ ಮೊದಲು, 1791ರ ಮೇ ತಿಂಗಳಲ್ಲಿ, ಕಾರ್ನ್‌ವಾಲಿಸನು ಅರಕೆರೆಯವರೆಗೆ ಬಂದು ಗೆದ್ದರೂ ಹಿಂದಿರುಗಬೇಕಾಯಿತು. ಮೇವಿಲ್ಲದೆಯೂ ರೋಗದಿಂದಲೂ ಎತ್ತುಗಳು ಅಷ್ಟು ಸಂಖ್ಯೆಯಲ್ಲಿ ಸತ್ತದ್ದರಿಂದ ತನ್ನ ದೊಡ್ಡ ಫಿರಂಗಿಗಳನ್ನು ತಾನೇ ನಾಶಮಾಡಿ ಅವನು ಬೆಂಗಳೂರಿನ ದಾರಿ ಹಿಡಿದ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಬೆಣ್ಣೆ ಚಾವಡಿ ಎಂದು ಕರೆಸಿಕೊಂಡಿದ್ದ ಸರಕಾರಿ ದನದ ಹಿಂಡಿಗೆ ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟ. ಬೆಣ್ಣೆಯ ಹೆಸರಿದ್ದ ಹಿಂಡು ಫಿರಂಗಿಯ ನೊಗಕ್ಕೆ ಬಂತು. ಎರಡು ಪಕ್ಷಗಳಿಗೂ ಎತ್ತು ಸಾಮಾನಿನ ಪಟ್ಟಿಯಲ್ಲಿ ಒಂದು ಬಾಬು. ಸಿಪಾಯಿಯೂ ಅದೇ ಪಟ್ಟಿಯ ಮತ್ತೊಂದು ಬಾಬು. ಎತ್ತು ಸತ್ತರೆ ಇನ್ನೊಂದು ಎತ್ತು, ಆಳು ಸತ್ತರೆ ಇನ್ನೊಂದು ಆಳು. ಮಾರಿದತ್ತನ ಖಾಲಿ ಜಾಗ ಇಲ್ಲಿ ಪ್ರತಿದಿನವೂ ತೆರೆದುಕೊಳ್ಳುತ್ತದೆ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪಕ್ಕೆ ಉತ್ತರ ಕೊಡಬೇಕಾಗಿದೆ. ಹೊರನಾಡಿನ ಸಾಹಿತ್ಯದಲ್ಲಿ ಈ ಹೋಲಿಕೆಯನ್ನು ಅತ್ಯಂತ ಉಗ್ರವಾಗಿ ಮುಂದಿಟ್ಟವನು ಯಿಡ್ಡಿಷ್ ಭಾಷೆಯ ಕಥೆಗಾರ ಐಸಾಕ್ ಬಾಶೆವಿಸ್ ಸಿಂಗರ್. 1942 ಮತ್ತು 43ರಲ್ಲಿ ಸುಮಾರು 8ರಿಂದ 9 ಲಕ್ಷ ಯೆಹೂದ್ಯರನ್ನು ಕೊಂದ ಟ್ರೆಬ್ಲಿಂಕಾ ಶಿಬಿರವು ಪ್ರಾಣಿಗಳ ಪಾಲಿಗೆ ಎಂದೂ ಮುಗಿಯದ ಶಿಬಿರವೆಂದು ಅವನ ಕಥೆಯೊಂದರ ಪಾತ್ರ ಬಗೆಯುತ್ತದೆ. ಸಿಂಗರ್ ಸ್ವತಃ ಪೋಲೆಂಡಿನ ಯೆಹೂದಿ. ಆ ಮಾತಿಗೆ ಅವನಿಗೆ ಅಧಿಕಾರವಿತ್ತು. ಮುಂದೆ ದಕ್ಷಿಣ ಆಫ್ರಿಕದ ಕಾದಂಬರಿಕಾರ ಕುಟ್ಸೀ 1999ರಲ್ಲಿ ಪ್ರಕಟವಾದ ‘ದಿ ಲೈವ್ಸ್ ಆಫ್ ಅನಿಮಲ್ಸ್’ನಲ್ಲಿ ಇದೇ ಹೋಲಿಕೆಯನ್ನು ವೃದ್ಧೆಯಾದ ಲೇಖಕಿಯೊಬ್ಬಳ ಬಾಯಲ್ಲಿ ಆಡಿಸಿದ್ದಾನೆ. ಅದನ್ನು ಕೇಳಿದ ಯೆಹೂದಿ ಕವಿಯೊಬ್ಬ ಅವಳ ಜೊತೆ ಊಟಕ್ಕೆ ಕೂರಲು ಒಪ್ಪುವುದಿಲ್ಲ. ಅವನ ವಾದ ಇಷ್ಟು: ನಮ್ಮವರನ್ನು ದನಗಳಂತೆ ನಡೆಸಿಕೊಂಡರೆಂಬುದು ನಿಜ, ಅದರಿಂದ ದನಗಳನ್ನು ನಮ್ಮವರಂತೆ ನಡೆಸಿಕೊಳ್ಳುತ್ತಿದ್ದಾರೆಂದು ತಿರುಗಿಸಿ ಹೇಳಿದರೆ ಸತ್ತವರಿಗೆ ಅವಮಾನ.

ಈ ಆಕ್ಷೇಪ ಬಲವಾದದ್ದು. ನಮ್ಮ ನಾಡಿನಲ್ಲಿ ಅದರ ಬಲ ಇನ್ನೂ ಹೆಚ್ಚು. 1927ರಲ್ಲಿ ಅಂಬೇಡ್ಕರರು ಮಹಾಡಿನ ಚವದಾರ ಕೆರೆಯ ನೀರು ಮುಟ್ಟಲು ಹೊರಟದ್ದು ಯಾಕೆ? ದನಕರುಗಳು ಕುಡಿಯಬಹುದಾದ ನೀರನ್ನು ಅಸ್ಪೃಶ್ಯನೆನಿಸಿದ ಮನುಷ್ಯ ಮುಟ್ಟಕೂಡದಾಗಿತ್ತು. ಕಾರಂತರ ‘ಚೋಮನ ದುಡಿ’ಯ ಚೋಮನಿಗೆ ಮನೆಯಲ್ಲಿ ಎತ್ತುಗಳಿವೆ; ಉಳುವುದಕ್ಕೆ ಹಕ್ಕಿಲ್ಲ. ಹೀಗೆ ಪ್ರಾಣಿಗಿಂತಲೂ ಕೆಳಗೆ ಇಳಿಸಲ್ಪಟ್ಟವರ ಮುಂದೆ ನಿಂತು, ನೀವೂ ಪ್ರಾಣಿಯೂ ಸಮಾನದುಃಖಿಗಳೆಂದು ಹೇಳಿದರೆ ಅದು ಕರುಣೆಯಂತೆ ಕೇಳಿಸುವುದಿಲ್ಲ. 1994ರಲ್ಲಿ ರುವಾಂಡದಲ್ಲಿ ನೂರು ದಿನಗಳಲ್ಲಿ ಸುಮಾರು 8 ಲಕ್ಷ ಜನರನ್ನು ಕೊಂದವರು ಮೊದಲು ಮಾಡಿದ ಕೆಲಸ ಅವರನ್ನು ಜಿರಲೆಗಳೆಂದು ಕರೆದದ್ದು. ಮನುಷ್ಯನನ್ನು ಪ್ರಾಣಿಯೆಂದು ಕರೆಯುವುದು ಕೊಲೆಗಾರನ ಮೊದಲ ಆಯುಧ. ವಿಮರ್ಶಕನೂ ಅಹಿಂಸಾವಾದಿಯೂ ಆ ಆಯುಧವನ್ನು ಬೇರೊಂದು ಹಿಡಿಯಿಂದ ಎತ್ತಿಕೊಳ್ಳಬಾರದು.

ಆದ್ದರಿಂದ ಎರಡು ಕಡೆಯ ಹೆಣಗಳನ್ನು ತಕ್ಕಡಿಗೆ ಹಾಕಿ ತೂಗುವ ಹೋಲಿಕೆ ಸಲ್ಲದು. ಜನ್ನನಿಂದ ನಾವು ಕಲಿಯಬಹುದಾದ ಹೋಲಿಕೆ ಕೊಲ್ಲುವವನ ಕಡೆಯಿಂದ ಹೊರಡುತ್ತದೆ. ಜಿರಲೆ ಎಂಬ ಬೈಗುಳು ಕೊಲ್ಲುವವನ ಕೈಗೆ ಉಪಯೋಗಕ್ಕೆ ಬಂದದ್ದು ಹೇಗೆ? ಜಿರಲೆಯನ್ನು ಯಾವ ಯೋಚನೆಯೂ ಇಲ್ಲದೆ ಹೊಸಕುವ ಅಭ್ಯಾಸ ಕೈಗೆ ಮೊದಲೇ ಇತ್ತು. ಯಾರನ್ನು ಕುರಿತು ಯೋಚಿಸಬೇಕಾಗಿಲ್ಲವೋ ಅವರದೊಂದು ಕೋಣೆಯನ್ನು ನಾವು ಮನಸ್ಸಿನಲ್ಲಿ ಸಿದ್ಧವಾಗಿಟ್ಟುಕೊಂಡಿರುತ್ತೇವೆ. ಮೊದಲು ಅದರಲ್ಲಿ ಪ್ರಾಣಿಗಳಿರುತ್ತವೆ. ಬೇಕಾದಾಗ ಮನುಷ್ಯರನ್ನೂ ಅದರೊಳಕ್ಕೆ ದೂಡಬಹುದು. ಕೋಣೆ ಕಟ್ಟಿದ ಮೇಲೆ ಬಾಗಿಲು ತೆರೆಯುವುದೇನು ದೊಡ್ಡ ಕೆಲಸ?

ಹಾಗಾದರೆ ಬಲಿ ಕೊಡುವವರೆಲ್ಲ ಆ ಕೋಣೆ ಕಟ್ಟುವವರೆ ಎಂದು ಕೇಳಿದರೆ, ಮಳವಳ್ಳಿ ತಾಲ್ಲೂಕು ಮತ್ತೊಂದು ಪಾಠ ಹೇಳುತ್ತದೆ. ಮಂಟೇಸ್ವಾಮಿಯ ಮಠವಿರುವ ಬೊಪ್ಪೇಗೌಡನಪುರ ಈ ತಾಲ್ಲೂಕಿನದು. ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆಗೆ ಹೋಗಿ ಬವಣೆಪಟ್ಟನೆಂದು ನೀಲಗಾರರು ಹಾಡುವ ಹಲಗೂರೂ ಇಲ್ಲಿಯದೇ. ಆ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಪಂಕ್ತಿಸೇವೆಯೆಂಬುದೊಂದು ಉಂಟು. ಭಕ್ತರು ತಂದ ಕುರಿಕೋಳಿಗಳನ್ನು ಅಡುಗೆ ಮಾಡಿ, ಜಾತಿಯ ಹೆಸರು ಕೇಳದೆ ಸಾಲಾಗಿ ಕುಳಿತು ಉಣ್ಣುತ್ತಾರೆ. 1959ರ ಪ್ರಾಣಿಬಲಿ ತಡೆ ಕಾಯಿದೆಯ ಹೆಸರಿನಲ್ಲಿ ಇದನ್ನು ತಡೆಯಲು ಯತ್ನಗಳು ನಡೆದಾಗ ಭಕ್ತರು, ಇದು ಬಲಿಯಲ್ಲ, ಸಹಪಂಕ್ತಿಯ ಊಟ ಎಂದರು. ಈ ವಾದವನ್ನು ಒಪ್ಪುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಒಂದು ಮಾತು ಮಾತ್ರ ನಿಜ: ಮನುಷ್ಯರನ್ನು ಪಂಕ್ತಿಯಿಂದ ಎಬ್ಬಿಸುವ ಸಮಾಜದಲ್ಲಿ ಎಲ್ಲರನ್ನೂ ಕೂರಿಸುವ ಒಂದು ಪಂಕ್ತಿ ಮಾಂಸದ ಎಲೆಯ ಮುಂದೆ ಹಾಕಲ್ಪಟ್ಟಿದೆ. ಜನ್ನನಿಗೆ ಈ ಚಿತ್ರ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವನ ಕಾವ್ಯಕ್ಕೆ ಇನ್ನೊಂದು ತೊಡಕು ಸೇರುತ್ತಿತ್ತು.

ಇದೇ ತಾಲ್ಲೂಕಿನ ಬಂಡೂರಿನ ಹೆಸರಿನಲ್ಲಿ ಒಂದು ಕುರಿಯ ತಳಿಯೇ ಇದೆ. ಒಂದೋ ಎರಡೋ ಮರಿಗಳನ್ನು ಮನೆಯೊಳಗೇ ಕಟ್ಟಿ, ಸೊಪ್ಪು ಹಾಕಿ ಬೆಳೆಸುವುದು ಅಲ್ಲಿಯ ರೂಢಿ. ಕೊನೆಗೆ ಅದನ್ನು ಮಾರುತ್ತಾರೆ, ಕಡಿಯುತ್ತಾರೆ. ಅದನ್ನು ಪುಣ್ಯವೆಂದು ನಾನು ಹೇಳುವುದಿಲ್ಲ. ಆದರೆ ಸಾಕಿದವಳಿಗೆ ಆ ಕುರಿಯ ಗುರುತು ಇರುತ್ತದೆ. ಅದು ಹೋದ ದಿನ ಮನೆಯ ಮೂಲೆ ಖಾಲಿಯೆನಿಸುತ್ತದೆ. ಇದರ ಪಕ್ಕದಲ್ಲಿ 2020ರ ಮಾರ್ಚ್ ತಿಂಗಳನ್ನು ಇಟ್ಟು ನೋಡಬೇಕು. ಕೋಳಿಮಾಂಸದಿಂದ ಕೊರೋನಾ ಹರಡುವುದೆಂಬ ಗಾಳಿಸುದ್ದಿಗೆ ಬೆಲೆ ನೆಲ ಕಚ್ಚಿದಾಗ, ಮೇವಿನ ಖರ್ಚೂ ಹುಟ್ಟದೆ, ನಮ್ಮ ರಾಜ್ಯದಲ್ಲಿ ಸಾಕಣೆದಾರರು ಸಾವಿರಗಟ್ಟಲೆ ಕೋಳಿಗಳನ್ನು ಜೀವಂತವಾಗಿ ಗುಂಡಿಗೆ ಸುರಿದು ಮಣ್ಣು ಮುಚ್ಚಿದರು. ಅವರು ಕ್ರೂರಿಗಳಾಗಿರಲಿಲ್ಲ, ಸಾಲದಲ್ಲಿ ಮುಳುಗಿದ ಸಂಸಾರಸ್ಥರು. ಆ ಕೋಳಿಗಳನ್ನು ಕೊಲ್ಲಬೇಕೆಂದು ಯಾರೂ ಸಂಕಲ್ಪ ಮಾಡಿರಲಿಲ್ಲ. ಲೆಕ್ಕದ ಪುಸ್ತಕ ಹೇಳಿತು, ಗುಂಡಿ ತೋಡಿದರು. ಜಗತ್ತಿನಲ್ಲಿ ಈಗ ಆಹಾರಕ್ಕೆಂದು ವರ್ಷವೊಂದಕ್ಕೆ ಕೊಲ್ಲುವ ನೆಲದ ಪ್ರಾಣಿಗಳ ಸಂಖ್ಯೆ 7–8 ಸಾವಿರ ಕೋಟಿ. ಅದರಲ್ಲಿ ಬಹುಪಾಲು ಕೋಳಿಗಳೇ. ಇಷ್ಟಕ್ಕೂ ಎಲ್ಲಿಯೂ ಒಬ್ಬ ಮಾರಿದತ್ತನಿಲ್ಲ.

ಜನ್ನನ ಕಾವ್ಯವನ್ನು ಇಂದು ಓದುವವನಿಗೆ ಎದುರಾಗುವ ನಿಜವಾದ ಕಷ್ಟ ಇದು. ಅವನ ನೀತಿಯೆಲ್ಲ ಸಂಕಲ್ಪದ ಮೇಲೆ ನಿಂತಿದೆ. ಕೃತ್ಯವಿಲ್ಲದಿದ್ದರೂ ಸಂಕಲ್ಪವಿದ್ದರೆ ಪಾಪವೆಂದು ಅವನು ಹೇಳಿದ. ನಮ್ಮ ಕಾಲ ಅದನ್ನು ತಲೆಕೆಳಗು ಮಾಡಿದೆ. ಯಶೋಧರನ ಕೋಳಿ ಹಿಟ್ಟಿನದು, ಸಂಕಲ್ಪ ನಿಜವಾದದ್ದು. ನಮ್ಮ ಕೋಳಿ ನಿಜವಾದದ್ದು, ಸಂಕಲ್ಪ ಹಿಟ್ಟಿನದು. ಮನುಷ್ಯರ ಸಾಮೂಹಿಕ ಹತ್ಯೆಗೂ ಈ ಮಾತು ಸಲ್ಲುತ್ತದೆ. ಟ್ರೆಬ್ಲಿಂಕಾಕ್ಕೆ ಹೋಗುವ ರೈಲಿನ ವೇಳಾಪಟ್ಟಿ ಬರೆದ ಗುಮಾಸ್ತನ ಮನಸ್ಸಿನಲ್ಲಿ ಕೊಲೆಯ ಸಂಕಲ್ಪವನ್ನು ಹುಡುಕಿದರೆ ಸಿಗುವುದು ವೇಳಾಪಟ್ಟಿಯೇ. ಸಂಕಲ್ಪವನ್ನು ಅಷ್ಟು ಸಣ್ಣ ಸಣ್ಣ ಉಂಡೆಗಳಾಗಿ ಮಾಡಿ ಸಾವಿರ ಕೈಗಳಿಗೆ ಹಂಚಿದ್ದಾರೆ. ಯಾರ ಕೈಯಲ್ಲಿರುವುದೂ ಕೂಗುವುದಿಲ್ಲ.

ಗಿರೀಶ ಕಾರ್ನಾಡರು 1980ರಲ್ಲಿ ಪ್ರಕಟಿಸಿದ ‘ಹಿಟ್ಟಿನ ಹುಂಜ’ದಲ್ಲಿ ಜನ್ಮಾಂತರಗಳ ಕಥೆಯನ್ನು ಬಿಟ್ಟು, ಇಡೀ ವ್ಯವಹಾರವನ್ನು ಒಂದು ಮನೆಯ ಅತ್ತೆ, ಸೊಸೆ, ಮಗ ಇವರ ನಡುವಿಗೆ ತಂದರು. ನಾಟಕಕ್ಕೆ ಅದರಿಂದ ಬಿಗಿ ಬಂತು. ಮನಸ್ಸಿನೊಳಗಣ ಹಿಂಸೆ ಎಷ್ಟು ನಿಜವೆಂಬುದು ತೀಕ್ಷ್ಣವಾಗಿ ಕಂಡಿತು. ಆದರೆ ಜನ್ನನ ಚೌಕಟ್ಟನ್ನು ಬಿಟ್ಟದ್ದರಿಂದ ಒಂದು ನಷ್ಟವೂ ಆಯಿತೆಂದು ನನ್ನ ಅಭಿಪ್ರಾಯ. ಸಾಲು ಹಿಡಿದು ನಿಂತ ಪ್ರಾಣಿಗಳ ಪಟ್ಟಿ ಹೋಯಿತು; ಆ ಪಟ್ಟಿಯ ಕೊನೆಯಲ್ಲಿ ನಿಂತ ಮಕ್ಕಳೂ ಹೋದರು. ನಮ್ಮ ಕಾಲಕ್ಕೆ ಬೇಕಾದದ್ದು ಒಳಮನೆಯ ಕಲಹಕ್ಕಿಂತ ಹೆಚ್ಚಾಗಿ ಆ ಪಟ್ಟಿಯ ಚಿತ್ರ.

ಯಾಕೆಂದರೆ ಜನ್ನನ ಸಂಕಲ್ಪದ ನೀತಿ ನಮಗೆ ಪೂರ್ತಿ ಸಾಲದೆ ಹೋದರೂ, ಆ ಬಲಿಪೀಠದ ಮುಂದೆ ನಡೆದದ್ದು ಸಾಲುತ್ತದೆ. ಕತ್ತಿಯ ಮುಂದೆ ನಿಂತ ಮಕ್ಕಳು ಅಳುವುದಿಲ್ಲ. ಅವರ ಮುಖದಲ್ಲಿ ಭಯವೂ ಇಲ್ಲ. ಮಾರಿದತ್ತನಿಗೆ ಅಚ್ಚರಿಯಾಗುತ್ತದೆ. ನೀವು ಯಾರು, ಎಲ್ಲಿಯವರು ಎಂದು ಕೇಳುತ್ತಾನೆ. ಅದೇ ಪ್ರಶ್ನೆಗೆ ಉತ್ತರವಾಗಿ ಇಡೀ ಕಾವ್ಯ ಹುಟ್ಟುತ್ತದೆ. ಅಭಯರುಚಿ ತನ್ನ ಕಥೆ ಹೇಳುತ್ತ ಹೇಳುತ್ತ ನವಿಲಿನ ಕಥೆಯನ್ನೂ ಮೀನಿನ ಕಥೆಯನ್ನೂ ಆಡಿನ ಕಥೆಯನ್ನೂ ಹೇಳುತ್ತಾನೆ, ಎಲ್ಲವನ್ನೂ ನಾನು ಎಂದೇ ಹೇಳುತ್ತಾನೆ. ಪಟ್ಟಿಯಲ್ಲಿ ಬಾಬುಗಳಾಗಿ ನಿಂತವರೆಲ್ಲ ಒಬ್ಬೊಬ್ಬರಾಗಿ ಬಾಯಿ ಪಡೆಯುತ್ತಾರೆ. ಕೇಳಿ ಮುಗಿಯುವ ಹೊತ್ತಿಗೆ ಅರಸನ ಕೈಯ ಕತ್ತಿ ಕೆಳಗಿಳಿದಿರುತ್ತದೆ. ಮಕ್ಕಳಷ್ಟೇ ಅಲ್ಲದೆ ಕಟ್ಟಿದ ಪ್ರಾಣಿಗಳೂ ಉಳಿಯುತ್ತವೆ. ಎರಡು ಬಿಡುಗಡೆಗಳೂ ಒಂದೇ ಪ್ರಶ್ನೆಯಿಂದ ಬಂದವೆಂಬುದನ್ನು ಜನ್ನ ಬೇರೆಯಾಗಿ ಎತ್ತಿ ಹೇಳುವುದಿಲ್ಲ. ಹೇಳುವ ಅಗತ್ಯವೂ ಅವನಿಗೆ ಕಂಡಿಲ್ಲ.

ಪ್ರಾಣಿಹತ್ಯೆಗೂ ನರಹತ್ಯೆಗೂ ಸಂಬಂಧವೇನೆಂಬ ಪ್ರಶ್ನೆಗೆ ನನಗೆ ತೋರುವ ಉತ್ತರ ಇಷ್ಟೇ. ಎರಡೂ ಸಮವಲ್ಲ, ಸಮವೆಂದು ಹೇಳುವುದು ನೊಂದವರಿಗೆ ಮಾಡುವ ಅನ್ಯಾಯ. ಆದರೆ ಯಾರು ಎಂದು ಕೇಳುವುದನ್ನು ಒಂದು ಕಡೆ ನಿಲ್ಲಿಸಿದ ಸಮಾಜ ಇನ್ನೊಂದು ಕಡೆಯಲ್ಲಿಯೂ ಅದನ್ನು ನಿಲ್ಲಿಸಲು ಹೆಚ್ಚು ಕಾಲ ಹಿಡಿಯುವುದಿಲ್ಲ. ಹಿಟ್ಟಿನ ಕೋಳಿಗೆ ಒಂದು ಬೆಂತರವಾದರೂ ಕೂಗು ಕೊಟ್ಟಿತು. ಲೆಕ್ಕದ ಪುಸ್ತಕದಲ್ಲಿ ಅಂಕಿಯಾಗಿ ನಿಂತವರಿಗೆ ಆ ಕೆಲಸವನ್ನು ಮಾಡಬೇಕಾದವರು ಕವಿಗಳು, ಅವರನ್ನು ಓದುವ ನಾವು.